ಕಿಂಡಿಯಲ್ಲಿ ಕಾಣದ ಹಲಗೆ

ಕೊಂಡ ವಸ್ತುವನ್ನು ಅಂಗಡಿಗೆ ವಾಪಸು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಕೊಚ್ಚಿಯ ಈ ಕಾಕ್ಕನಾಡಿನಲ್ಲಿ ಇರಲಿಕ್ಕಿಲ್ಲ. ಒಂದೇ ಮಿಕ್ಸಿಯನ್ನು ಮೂರು ಸಲ ಹೊತ್ತುಕೊಂಡು ಹೋಗಿ ಅಂಗಡಿಯವನ ಮುಂದೆ ಕುಕ್ಕಿ ಬಂದವಳು ನಾನು. ಬ್ಯಾಂಕಿನಲ್ಲಿ ಇಪ್ಪತ್ತೈದು ವರ್ಷ ಬೇರೆಯವರ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಂಡಿದ್ದೇನೆ. ತಪ್ಪು ನನ್ನ ಕಡೆಯದೂ ಇರಬಹುದು ಎಂಬ ಯೋಚನೆ ನನಗೆ ಬಹಳ ತಡವಾಗಿ ಬರುತ್ತದೆ. ಈ ಗುಣ ಅಪ್ಪನಿಂದ ಬಂದದ್ದು ಎಂದು ಅಮ್ಮ ಹೇಳುತ್ತಾಳೆ.

ಅಪ್ಪ ಕಾಸರಗೋಡಿನವರು. ಕೊಚ್ಚಿಯ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ ನೌಕರಿ. ನಾವಿದ್ದದ್ದು ತ್ರಿಪ್ಪುಣಿತ್ತುರದ ಬಾಡಿಗೆ ಮನೆಯಲ್ಲಿ. ಸಿಗರೇಟು, ಇಸ್ಪೀಟು ಯಾವುದೂ ಇಲ್ಲದ ಆ ಮನುಷ್ಯನಿಗಿದ್ದ ಒಂದೇ ಹುಚ್ಚು ಗುರಿ ಹೊಡೆಯುವುದು. ಅದಕ್ಕೊಂದು ಹಳೆಯ ಪಾಯಿಂಟ್ ಟೂಟೂ ರೈಫಲ್ ಇತ್ತು, ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ದೂಡಬೇಕಾದದ್ದು. ನನ್ನ ಮದುವೆಯಾದ ವರ್ಷ ಇದ್ದಕ್ಕಿದ್ದಂತೆ ಅದನ್ನು ಬಿಟ್ಟುಬಿಟ್ಟರು. ಬೇಸರ ಬಂತು ಎಂದರು. ಅದೇ ವರ್ಷ ಟ್ರಾಫಿಕ್ಕಿಗೆ ಬೈಯುತ್ತ ಸ್ಕೂಟರನ್ನೂ ಮಾರಿದರು. ದಾರಿಯಲ್ಲಿ ಸಿಕ್ಕರೂ ಮಾತಾಡಿಸದೆ ಹೋಗುತ್ತಾರೆ, ಅಹಂಕಾರ ಬಂದಿದೆ ಎಂದು ನೆಂಟರು ಆಡಿಕೊಂಡರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಅಮ್ಮ ಕಾಕ್ಕನಾಡಿನ ನನ್ನ ಫ್ಲಾಟಿಗೆ ಬಂದಳು. ಗಂಡನಿಗೆ ದೂರದ ಊರಿಗೆ ವರ್ಗವಾಗಿದ್ದರಿಂದ ಫ್ಲಾಟಿನಲ್ಲೀಗ ನಾವು ಮೂವರು ಹೆಂಗಸರು: ಅಮ್ಮ, ನಾನು, ಕಾಲೇಜಿಗೆ ಹೋಗುವ ಮಗಳು. ರೈಫಲಿನ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಕಲೆಕ್ಟರೇಟಿನ ಮೆಟ್ಟಿಲು ಸವೆಸಿದೆ. ಅದನ್ನು ತಿರುವನಂತಪುರದ ಕ್ಲಬ್ಬಿನ ಕೋವಿ ಕೋಣೆಯಲ್ಲಿಟ್ಟು, ತಿಂಗಳಿಗೆರಡು ಭಾನುವಾರ ರೈಲು ಹತ್ತಿ ಹೋಗಿ ಅಭ್ಯಾಸ ಮಾಡತೊಡಗಿದೆ.

ರೈಫಲಿನ ಹಿಂಬದಿಯಲ್ಲಿ, ಎಡಕ್ಕೆ, ಎರಡು ಸ್ಕ್ರೂ ತೂತುಗಳು ಖಾಲಿ ಬಿದ್ದಿದ್ದವು. ಹಳೆಯ ಫೋಟೋ ಒಂದರಲ್ಲಿ ಅಪ್ಪ ಹೊಟ್ಟೆಯ ಮೇಲೆ ಮಲಗಿ ಗುರಿ ಹಿಡಿದಿದ್ದಾರೆ. ಆ ಜಾಗದಲ್ಲಿ ಒಂದು ಕಿಂಡಿ ಇದೆ. ಪೀಪ್ ಸೈಟ್ ಎನ್ನುತ್ತಾರೆ. ಉಕ್ಕಿನ ಸಣ್ಣ ತೋಳು, ತುದಿಯಲ್ಲಿ ನಾಣ್ಯದಷ್ಟು ಬಿಲ್ಲೆ, ಬಿಲ್ಲೆಯ ನಡುವೆ ದಬ್ಬಣ ಹೋಗುವಷ್ಟು ತೂತು. ಅದರೊಳಗಿಂದ ನೋಡಿ ನಳಿಗೆಯ ತುದಿಯ ಉಂಗುರವನ್ನೂ ಆಚೆಯ ಗುರಿ ಹಲಗೆಯ ಕಪ್ಪು ಬೊಟ್ಟನ್ನೂ ಒಂದೇ ಗೆರೆಗೆ ತರಬೇಕು. ಈಗಿನ ಅಲ್ಯೂಮಿನಿಯಂ ಸೈಟುಗಳು ನನಗೆ ಬೇಕಿರಲಿಲ್ಲ. ಫೋಟೋದಲ್ಲಿದ್ದಂಥದ್ದೇ ಬೇಕಿತ್ತು.

ಅಂಥದ್ದನ್ನು ಮಾಡುವವರು ಒಬ್ಬರೇ ಉಳಿದಿದ್ದಾರೆ ಎಂದು ಕ್ಲಬ್ಬಿನವರು ವಿಳಾಸ ಕೊಟ್ಟರು. ನೋಡಿದರೆ ತ್ರಿಪ್ಪುಣಿತ್ತುರ, ಮೆಟ್ರೋ ಮುಗಿಯುವಲ್ಲಿಂದ ಹತ್ತು ನಿಮಿಷದ ದಾರಿ. ಸರ್ವೆಯವರ ದುರ್ಬೀನು, ಕಾಲೇಜುಗಳ ಮೈಕ್ರೋಸ್ಕೋಪು ರಿಪೇರಿ ಮಾಡುತ್ತ ಎಪ್ಪತ್ತು ದಾಟಿದವರು. ಮನೆಯ ಮುಂದಿನ ಜಗಲಿಯಲ್ಲೇ ಲೇತು ಯಂತ್ರ. ರೈಫಲ್ ಹೊತ್ತು ತಿರುಗುವುದು ಬೇಡವೆಂದು, ತೂತುಗಳ ಮೇಲೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋಗಿದ್ದೆ. ಅವರು ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಫೋಟೋ ಕೊಟ್ಟರೆ ಅದನ್ನು ನೋಡಲೇ ಇಲ್ಲ. ಬೋರಲು ಮಾಡಿ ಮೇಜಿನ ಮೇಲಿಟ್ಟು, ಅಳತೆ ಸಾಕು ಎಂದರು.

ಮೂರು ವಾರಕ್ಕೆ ಕಿಂಡಿ ಸಿದ್ಧವಾಯಿತು. ಕಪ್ಪುನೀಲಿ ಉಕ್ಕು, ಅಂಚುಗಳನ್ನು ಕೈಯಲ್ಲೇ ಅರ ಹಾಕಿ ನಯ ಮಾಡಿದ್ದು. ತಿರುಪು ತಿರುವಿದರೆ ಹಳೆಯ ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ಟಿಕ್ ಟಿಕ್ ಎನ್ನುತ್ತಿತ್ತು. ಫೋಟೋ ಪಕ್ಕ ಹಿಡಿದೆ. ತೋಳಿನ ಬಾಗು, ಬಿಲ್ಲೆಯ ಅಂಚಿನ ಗೀರು, ಎಲ್ಲವೂ ಅದೇ. ಫೋಟೋ ನೋಡದೆ ಇದನ್ನು ಹೇಗೆ ಮಾಡಿದರು ಎಂದು ಆಗ ಕೇಳಬೇಕಿತ್ತು. ಖುಷಿಯಲ್ಲಿ ಕೇಳಲಿಲ್ಲ.

ಮುಂದಿನ ಭಾನುವಾರ ಅದನ್ನು ರೈಫಲಿಗೆ ಕೂರಿಸಿ, ಹೊಟ್ಟೆಯ ಮೇಲೆ ಮಲಗಿ ಎಡಗಣ್ಣು ಮುಚ್ಚಿದೆ. ಐವತ್ತು ಮೀಟರ್ ಆಚೆ ಮಣ್ಣಿನ ದಿಬ್ಬದ ಮುಂದೆ ಸಾಲಾಗಿ ಹಲಗೆಗಳು, ಒಬ್ಬೊಬ್ಬರಿಗೆ ಒಂದೊಂದು. ಕಿಂಡಿಯಲ್ಲಿ ನನ್ನ ಹಲಗೆ ನಡುವೆ, ಅದರ ಎಡಕ್ಕೆ ಇನ್ನೊಂದು. ಬಲಕ್ಕೆ ಏನೂ ಇಲ್ಲ, ಬರೀ ಕೆಂಪು ಮಣ್ಣು. ನಿಮ್ಮ ಹಲಗೆ ಬಿದ್ದಿದೆ ಎಂದು ಪಕ್ಕದವರಿಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ತಲೆಯೆತ್ತಿದರೆ ಹಲಗೆ ನಿಂತೇ ಇತ್ತು.

ಮತ್ತೆ ಕಣ್ಣಿಟ್ಟೆ. ಇಲ್ಲ. ನೇರ ಅದರ ಕಡೆಗೇ ನೋಡಿದರೆ ಅಲ್ಲಿತ್ತು. ನನ್ನ ಬೊಟ್ಟಿಗೆ ಕಣ್ಣು ತಂದ ಕೂಡಲೆ ಮತ್ತೆ ಮಣ್ಣು. ಮಸುಕಿಲ್ಲ, ಕತ್ತಲೆಯಿಲ್ಲ. ಹುಲ್ಲಿನ ಎಸಳು ಕೂಡ ಸ್ಪಷ್ಟವಾಗಿದ್ದ ದಿಬ್ಬ, ಅಲ್ಲಿ ಎಂದೂ ಯಾರೂ ಹಲಗೆ ನೆಟ್ಟೇ ಇಲ್ಲವೆಂಬಷ್ಟು ಅಚ್ಚುಕಟ್ಟಾಗಿ. ನಾನು ನೋಡದಾಗ ಅದು ಎಲ್ಲಿಗೋ ಹೋಗಿ ಬರುತ್ತಿದೆ ಎನಿಸಿತು. ಆಮೇಲೆ ಸಿಟ್ಟು ಬಂತು. ಕಿಂಡಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ.

ತ್ರಿಪ್ಪುಣಿತ್ತುರದವರು ಅದನ್ನು ಬೆಳಕಿಗೆ ಹಿಡಿದರು, ಒರೆಸಿದರು, ಸರಿಯಾಗಿಯೇ ಇದೆ ಎಂದರು. ನಾನು ಒಪ್ಪಲಿಲ್ಲ. ಅವರು ವಾದ ಮಾಡದೆ ತೂತು ಕೊಂಚ ದೊಡ್ಡದಿರುವ ಬೇರೆ ಬಿಲ್ಲೆ ಮಾಡಿಕೊಟ್ಟರು. ಅದರಲ್ಲೂ ಬಲಗಡೆಯ ಹಲಗೆ ಇರಲಿಲ್ಲ.

ಆ ಸಲ ಮಗಳೂ ಜೊತೆಗಿದ್ದಳು. ಮೀನೂಟಕ್ಕೆಂದು ಅಲ್ಲೇ ಹತ್ತಿರ ಕಡಲ ದಡದಲ್ಲಿರುವ ವಿಳಿಂಜಂಗೆ ಹೋದೆವು. ಊಟವಾದ ಮೇಲೆ ದಡದಲ್ಲಿ ನಿಂತು, ಹೊಸ ಬಂದರಿನ ಕ್ರೇನುಗಳತ್ತ ಮುಷ್ಟಿಯನ್ನು ಕೊಳವೆ ಮಾಡಿ ಬಲಗಣ್ಣಿಗೆ ಹಿಡಿದೆ, ಎಡಗಣ್ಣು ಮುಚ್ಚಿದೆ. ನಡುವಿನ ಕ್ರೇನಿನ ಪಕ್ಕದ್ದು ಇರಲಿಲ್ಲ. ಅಲ್ಲಿ ಸಮುದ್ರ ಹರಡಿಕೊಂಡಿತ್ತು. ಎಷ್ಟು ಕ್ರೇನಿದೆ ಎಂದು ಮಗಳನ್ನು ಕೇಳಿದೆ. ಅವಳು ಮಲಯಾಳದಲ್ಲಿ ಎಣಿಸಿ ಹೇಳಿದ ಲೆಕ್ಕಕ್ಕೆ ನನ್ನದು ಒಂದು ಕಡಿಮೆ. ಬಿಸಿಲಿನ ಝಳ ಎಂದೆ. ಕೈಯಲ್ಲಿ ಕಿಂಡಿಯೇ ಇರಲಿಲ್ಲ ಎಂಬುದನ್ನು ಯೋಚಿಸಲು ಹೋಗಲಿಲ್ಲ. ಯೋಚಿಸಲು ಹೆದರಿಕೆಯಾಯಿತು ಎನ್ನುವುದೇ ನಿಜ.

ಮೂರನೇ ಸಲ ಜಗಲಿ ಹತ್ತಿದಾಗ ಅವರು ಲೇತು ನಿಲ್ಲಿಸಿದರು. ನಾನು ನಿಂತಲ್ಲಿಂದಲೇ ಮಲಯಾಳದಲ್ಲಿ ಜೋರಾಗಿ ಹೇಳಿದೆ: "ಬಲಗಡೆಯದು ಈಗಲೂ ಕಾಣುವುದಿಲ್ಲ ಸಾರ್. ತೊಂದರೆ ಕಿಂಡಿಯದು, ಕಣ್ಣಿನದಲ್ಲ."

ಅವರು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರಲ್ಲಿ ನನ್ನದರ ಅವಳಿಯಂಥ ಕಿಂಡಿ, ತೋಳಿನ ನೀಲಿ ಸವೆದು ಬೆಳ್ಳಗಾದದ್ದು. ಜೊತೆಗೆ ಮೂರು ಬಿಲ್ಲೆಗಳು, ಒಂದಕ್ಕಿಂತ ಒಂದರ ತೂತು ದೊಡ್ಡದು.

"ಮೋಳೇ, ನಿನ್ನ ಅಪ್ಪನೂ ಮೂರು ಸಲ ಬಂದಿದ್ದರು," ಎಂದು ಸ್ವಂತ ಮಗಳನ್ನು ಕರೆದ ಹಾಗೆ ಹೇಳಿದರು. "ಮೂರನೇ ಸಲ ಇದನ್ನು ಇಲ್ಲೇ ಬಿಟ್ಟು ಹೋದರು. ಮನೆಯವರಿಗೆ ಹೇಳಬಾರದು ಎಂದು ಮಾತು ತೆಗೆದುಕೊಂಡರು. ರೈಫಲಿಗೆ ಆ ಸ್ಕ್ರೂ ತೂತು ಕೊರೆದವನು ನಾನೇ, ಪೆನ್ಸಿಲ್ ಅಚ್ಚು ನೋಡಿದಾಗಲೇ ಗೊತ್ತಾಯಿತು. ಕೊಟ್ಟ ಮಾತು ಎಂದು ಸುಮ್ಮನಿದ್ದೆ. ಇನ್ನು ಸುಮ್ಮನಿದ್ದರೆ ಪಾಪ."

ಕೊನೆಯ ಬಿಲ್ಲೆಗೆ ಒಂದು ಚೀಟಿ ಸುತ್ತಿತ್ತು. ಇಷ್ಟು ವರ್ಷ ಅದನ್ನು ಇಟ್ಟುಕೊಂಡವರಿಗೆ ಅದನ್ನು ಓದಲು ಬಾರದು, ಕನ್ನಡದಲ್ಲಿತ್ತು. ಅಪ್ಪನ ಓರೆಯಕ್ಷರ, ತನಗೆ ತಾನೇ ಬರೆದುಕೊಂಡ ಹಾಗೆ. 'ಬಲಗಡೆಯ ಹಲಗೆ ಈಗಲೂ ಕಾಣುವುದಿಲ್ಲ. ತೊಂದರೆ ಕಿಂಡಿಯದು, ಕಣ್ಣಿನದಲ್ಲ.'

ನನ್ನ ಬಾಯಿಂದ ಆಗಷ್ಟೇ ಬಂದ ಮಾತು. ಅಲ್ಲೇ ಜಗಲಿಯ ಮೇಲೆ ಕೂತೆ. ಅಪ್ಪನ ಮೇಲೆ ಎಂದೂ ಬರದಷ್ಟು ಸಿಟ್ಟು ಬಂತು, ಅದರ ಬೆನ್ನಿಗೇ ಅಳು. ದಾರಿಯಲ್ಲಿ ಮಾತಾಡಿಸದೆ ಹೋದದ್ದು, ಸ್ಕೂಟರ್ ಮಾರಿದ್ದು, ಎಲ್ಲ ಒಂದೊಂದಾಗಿ ಬೇರೆ ಮುಖ ತೋರಿಸಿದವು.

ಮರುದಿನ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡ ನರವನ್ನು ಸದ್ದಿಲ್ಲದೆ ತಿನ್ನುವ ಕಾಯಿಲೆ. ಹೋದ ಜಾಗದಲ್ಲಿ ಕತ್ತಲೆ ಕಾಣುವುದಿಲ್ಲವಂತೆ. ಸುತ್ತ ಏನಿದೆಯೋ ಅದನ್ನೇ ಮೆದುಳು ಎಳೆದು ತೇಪೆ ಹಾಕುತ್ತದಂತೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಹೋದದ್ದು ಬಾರದು, ಉಳಿದದ್ದನ್ನು ದಿನಾ ಹನಿ ಬಿಟ್ಟು ಕಾಪಾಡಿಕೊಳ್ಳಬೇಕು. ಹೆತ್ತವರಿಂದ ಮಕ್ಕಳಿಗೆ ಬರುವ ಸಂಭವ ಹೆಚ್ಚು, ಮಗಳನ್ನೂ ಕರೆತನ್ನಿ ಎಂದರು. ಕರೆದೊಯ್ದೆ. ಸದ್ಯಕ್ಕೆ ಏನೂ ಇಲ್ಲ, ವರ್ಷಕ್ಕೊಮ್ಮೆ ತೋರಿಸುತ್ತಿರಿ ಎಂದರು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಅಚ್ಚರಿಪಡಲಿಲ್ಲ. ಕಾಫಿ ತಂದು ನನ್ನ ಎಡಕ್ಕಿಟ್ಟಳು. ಆಗ ಗಮನಿಸಿದೆ: ನಾನು ಬಲಗೈಯವಳು, ಆದರೂ ನನ್ನ ಲೋಟ ಯಾವಾಗಲೂ ಎಡಕ್ಕೇ ಇರುತ್ತದೆ. ಅಪ್ಪನದೂ ಹಾಗೆಯೇ ಇರುತ್ತಿತ್ತು. ಯಾಕೆಂದು ಕೇಳಿದೆ.

"ಕಾಯಿಲೆ ಅಂತ ನನಗೆಂತ ಗೊತ್ತು? ಬಲಕ್ಕಿಟ್ಟರೆ ಅವರು ಕೈ ತಾಗಿಸಿ ಚೆಲ್ತಿದ್ರು. ಎಡಕ್ಕಿಡ್ಲಿಕ್ಕೆ ಶುರು ಮಾಡಿದೆ, ಅಷ್ಟೆ."

"ನನಗೆ ಯಾವಾಗಿಂದ ಎಡಕ್ಕಿಡ್ತಿದ್ದೀ?"

"ನಾನು ಇಲ್ಲಿಗೆ ಬಂದ ವಾರದಿಂದ. ನಿನಗೆ ಗೊತ್ತುಂಟು ಅಂತ ಗ್ರಹಿಸಿದ್ದೆ."

ಈಗ ಎರಡೂ ಕಿಂಡಿಗಳು ಆ ಡಬ್ಬಿಯಲ್ಲೇ ಇವೆ. ಸಂಜೆ ಮಗಳು ನನ್ನ ಕಣ್ಣಿಗೆ ಹನಿ ಬಿಡುತ್ತಾಳೆ. ವರ್ಷಕ್ಕೊಮ್ಮೆ ಎಂದ ಡಾಕ್ಟರ ಮೇಲೆ ನನಗೆ ನಂಬಿಕೆ ಇಲ್ಲದಿಲ್ಲ; ಆದರೆ ದಿನಾ ಬೆಳಿಗ್ಗೆ, ಪೇಪರ್ ಓದುವವಳ ಹಾಗೆ ಕೂತು, ತಿಂಡಿ ಬಡಿಸುವ ಅಮ್ಮನ ಕೈಯನ್ನೇ ನೋಡುತ್ತಿರುತ್ತೇನೆ. ಇವತ್ತು ಮಗಳ ತಟ್ಟೆಯ ಮೇಲೆ ಆ ಕೈ ಲೋಟ ಹಿಡಿದು ಒಂದು ಕ್ಷಣ ನಿಂತಿತು. ಅಮ್ಮ ಲೋಟವನ್ನು ಬಲಕ್ಕಿಟ್ಟಳು.