ಬೊಮ್ಮಸಂದ್ರಕ್ಕೂ ಮಾರತ್ತಹಳ್ಳಿಗೂ ನಡುವೆ ಒಂದು ಮನೆ

ದಾವಣಗೆರೆಯ ಕಾಲೇಜೊಂದರ ಲ್ಯಾಬಿನಲ್ಲಿದ್ದ ನನಗೆ ಬೊಮ್ಮಸಂದ್ರದ ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುವ ಕೆಲಸ ಸಿಕ್ಕಿತು. ಅದೇ ತಿಂಗಳು ನನ್ನ ಗಂಡನಿಗೂ ಮಾರತ್ತಹಳ್ಳಿಯ ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ಕೆಲಸ ಸಿಕ್ಕಿತು. ಇಬ್ಬರಿಗೂ ಬೆಂಗಳೂರು! ಬೀದಿಗೆಲ್ಲ ಪೇಡೆ ಹಂಚಿದೆವು. ಬೊಮ್ಮಸಂದ್ರ ಒಂದು ದಿಕ್ಕು, ಮಾರತ್ತಹಳ್ಳಿ ಇನ್ನೊಂದು ದಿಕ್ಕು ಎನ್ನುವುದು ಪೇಡೆ ಖಾಲಿಯಾದ ಮೇಲೆ ಗೊತ್ತಾಯಿತು.

ಅಂದಿನಿಂದ ಮನೆಯಲ್ಲಿ ತಣ್ಣನೆಯ ಯುದ್ಧ. ಮಾರತ್ತಹಳ್ಳಿಯಲ್ಲಿ ಏನೇನು ಸಿಗುತ್ತದೆ ಎಂದು ಅವರು ಊಟದ ಹೊತ್ತಿಗೆ ಹೇಳುವರು. ಬೊಮ್ಮಸಂದ್ರದ ಪಕ್ಕದ ಚಂದಾಪುರದಿಂದ ನನ್ನ ಕಾರ್ಖಾನೆ ಎಷ್ಟು ಹತ್ತಿರ ಎಂದು ನಾನು ಕಾಫಿಯ ಹೊತ್ತಿಗೆ ಹೇಳುವೆ. ಎರಡನ್ನೂ ಕೇಳಿಸಿಕೊಂಡ ನಮ್ಮ ಅತ್ತೆ ಒಂದು ದಿನ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರು.

"ನೀವಿಬ್ಬರೂ ಬೆಳಿಗ್ಗೆ ಹೋದ್ರೆ ಕತ್ತಲಾದ ಮ್ಯಾಲೆ ಬರೋರು. ಹಗಲೆಲ್ಲಾ ಮನ್ಯಾಗೆ ಇರಾಕಿ ನಾನು. ಮನಿ ನಾನು ನೋಡ್ತೀನಿ, ನಡೀರಿ."

ಆ ವಾರದ ಕೊನೆಗೆ ಮೂವರೂ ಬೆಂಗಳೂರಿನ ಬಸ್ಸು ಹತ್ತಿದೆವು.

ಮೊದಲು ಮಾರತ್ತಹಳ್ಳಿ. ಬ್ರೋಕರ್ ನಮ್ಮನ್ನು ನಾಲ್ಕನೇ ಮಹಡಿಗೆ ಕರೆದೊಯ್ದ. "ಸಾರ್, ತುಂಬಾ ಪೀಸ್‌ಫುಲ್ ಏರಿಯಾ" ಎಂದು ಅವನು ಹೇಳಿದ್ದು ಕೆಳಗಿನ ಹಾರ್ನುಗಳಲ್ಲಿ ನಮಗೆ ಅರ್ಧ ಮಾತ್ರ ಕೇಳಿಸಿತು. ನನ್ನ ಗಂಡ ಮಾತ್ರ ಬಾಲ್ಕನಿಯಲ್ಲಿ ನಿಂತು, "ಅಲ್ಲಿ ನೋಡು, ಆ ನೀಲಿ ಗಾಜಿನ ಕಟ್ಟಡದ ಹಿಂದೇನೇ ನಮ್ಮ ಆಫೀಸು. ಮಧ್ಯಾಹ್ನ ಮನೆಗೇ ಬಂದು ಊಟ ಮಾಡಬಹುದು" ಎಂದು ಮೈಮರೆತಿದ್ದರು.

ಅತ್ತೆ ನೇರ ಅಡುಗೆಮನೆಗೆ ಹೋಗಿದ್ದರು. ಅಲ್ಲಿನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಅಡುಗೆಮನೆ. ಕೈ ಚಾಚಿದರೆ ಅವರ ಉಪ್ಪಿನ ಡಬ್ಬಿ ಸಿಗುವಷ್ಟು ಹತ್ತಿರ. ಅಲ್ಲೊಬ್ಬ ಗಡ್ಡದ ಯುವಕ ಕಿವಿಗೆ ಫೋನು ಒತ್ತಿಕೊಂಡು ಹಿಂದಿಯಲ್ಲಿ ಮಾತಾಡುತ್ತಾ ಒಗ್ಗರಣೆ ಹಾಕುತ್ತಿದ್ದ.

"ಏ ತಮ್ಮಾ, ಬೆಳ್ಳುಳ್ಳಿ ಹೊತ್ತಾಕತ್ತೈತಿ! ಉರಿ ಸಣ್ಣ ಮಾಡೋ!" ಎಂದು ಅತ್ತೆ ಕೂಗಿದರು.

ಅವನು ಬೆಚ್ಚಿ ಉರಿ ಸಣ್ಣ ಮಾಡಿ, ಇವರತ್ತ ತಿರುಗಿ ಕೈ ಮುಗಿದ. ಅತ್ತೆಗೆ ಹುಡುಗ ಹಿಡಿಸಿದ, ಮನೆ ಹಿಡಿಸಲಿಲ್ಲ. ಹೊರಗೆ ಬಂದು, "ಇಲ್ಲಿ ಸೂರ್ಯದೇವ್ರು ಬರ್ಬೇಕಾದ್ರೂ ಲಿಫ್ಟ್‌ನಾಗೆ ಬರ್ಬೇಕು" ಎಂದರು.

ನನ್ನ ಗಂಡನಿಗೆ ಆಗ ನ್ಯಾಯದ ದಾರಿ ಹೊಳೆಯಿತು. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಫೋನಿನಲ್ಲಿ ನಕ್ಷೆ ತೆರೆದು, ನನ್ನ ಕಾರ್ಖಾನೆಗೂ ಅವರ ಆಫೀಸಿಗೂ ಸರಿಯಾಗಿ ನಡುವೆ ಬೆರಳಿಟ್ಟರು. ಬೆರಳು ಒಂದು ಕೆರೆಯೊಳಗೆ ಬಿತ್ತು.

"ಈಜು ಬರ್ತದಾ ನಿಮಗೆ?" ಎಂದೆ.

ಅವರು ಸೋಲಲಿಲ್ಲ. ಕೆರೆಯ ದಂಡೆಯಲ್ಲೇ ಒಂದು ಅಪಾರ್ಟ್‌ಮೆಂಟು ಹುಡುಕಿದರು. ಅಲ್ಲಿನ ಬ್ರೋಕರ್, "ಲೇಕ್ ವ್ಯೂ ಮೇಡಂ, ಸಕ್ಕತ್ತಾಗಿದೆ" ಎಂದು ಪರದೆ ಸರಿಸಿದ. ಕೆರೆ ನಿಜಕ್ಕೂ ಕಾಣುತ್ತಿತ್ತು. ಅತ್ತೆ ಕಿಟಕಿಯ ಚಿಲಕಕ್ಕೆ ಕೈ ಹಾಕಿದ್ದೇ ತಡ, "ತೆಗೀಬೇಡಿ ಅಮ್ಮಾ!" ಎಂದು ಅವನು ಹಾರಿ ಬಂದ. ಅಷ್ಟರಲ್ಲಿ ತೆರೆದಾಗಿತ್ತು. ವಾಸನೆ ಮೊದಲು ಬಂತು, ಹಿಂದೆಯೇ ಸೊಳ್ಳೆಗಳು. ನಾವು ಮೂವರೂ ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿದೆವು. ಕೆಳಗೆ ಬಂದ ಮೇಲೆ ಮೊದಲು ನಕ್ಕವರು ನನ್ನ ಗಂಡನೇ.

ಮರುದಿನ ಚಂದಾಪುರ. ಇದು ನನ್ನ ಸರದಿ. ಹೆದ್ದಾರಿಯಿಂದ ಒಳಕ್ಕೆ ಹೋದರೆ ಎರಡಂತಸ್ತಿನ ಮನೆ. ಕೆಳಗೆ ಓನರ್ ಅಮ್ಮ ಒಬ್ಬರೇ ಇದ್ದರು, ಮೇಲಿನದು ಬಾಡಿಗೆಗೆ. ಅವರು ಗೇಟಿನಲ್ಲೇ ನಮ್ಮನ್ನು ನಿಲ್ಲಿಸಿ ಪ್ರಶ್ನೆ ಶುರು ಮಾಡಿದರು.

"ಎಷ್ಟು ಜನ ಇರ್ತೀರಾ? ನೆಂಟ್ರು ಜಾಸ್ತಿ ಬರ್ತಾರಾ?"

ನಾನು ಇಲ್ಲವೆನ್ನಲು ಬಾಯಿ ತೆರೆದೆ. ಅತ್ತೆ ಮುಂದೆ ಬಂದರು. "ಬರ್ತಾರವ್ವಾ, ಬರದೇ ಏನು? ಊರೋರಿಗೆ ಬೆಂಗಳೂರಾಗೆ ಆಸ್ಪತ್ರಿ, ಮದುವಿ, ಪರೀಕ್ಷಿ ಎಲ್ಲಾ ಇರ್ತಾವು. ನಿಮ್ಮ ಮನಿಗೆ ಯಾರೂ ಬರಾಂಗಿಲ್ಲೇನು?"

ಮನೆ ಕೈತಪ್ಪಿತು ಎಂದುಕೊಂಡೆ. ಓನರ್ ಅಮ್ಮ ಗೇಟು ತೆರೆದು, "ಎಲ್ಲಿ ಬರ್ತಾರಮ್ಮಾ? ಮಗಳು ದೂರದಾಗವ್ಳೆ" ಎಂದು ಕೀಲಿಕೈ ನನ್ನ ಕೈಗಿಟ್ಟರು. "ಓಗಿ, ನೋಡ್ಕಂಬನ್ನಿ."

ನಾವಿಬ್ಬರೂ ಮೇಲೆ ಹೋಗಿ ನಲ್ಲಿ ತಿರುಗಿಸಿದೆವು, ಸ್ವಿಚ್ಚು ಒತ್ತಿದೆವು, ಬಿಸಿಲು ಬೀಳುವ ಅಗಲವಾದ ಟೆರೇಸು ನೋಡಿದೆವು. ಮನೆ ಚೆನ್ನಾಗಿದೆ ಎಂದು ನನ್ನ ಗಂಡನ ಮುಖವೇ ಹೇಳುತ್ತಿತ್ತು, ಅದಕ್ಕೇ ಆ ಮುಖ ಸಪ್ಪಗಿತ್ತು. ಅತ್ತೆ ಮೇಲೆ ಬರಲೇ ಇಲ್ಲ.

ಕೆಳಗೆ ಬಂದು ನೋಡಿದರೆ ಹಿತ್ತಲಲ್ಲಿ ಇಬ್ಬರೂ ಎದುರುಬದುರು ಮಣೆ ಹಾಕಿಕೊಂಡು ಕೂತಿದ್ದಾರೆ. ನಡುವೆ ಬೋಗುಣಿಯಲ್ಲಿ ನೆನೆಸಿದ ಅವರೆಕಾಳು. ಅತ್ತೆಗೆ ಓನರ್ ಅಮ್ಮ ಸಿಪ್ಪೆ ಬಿಡಿಸುವುದನ್ನು ಕಲಿಸುತ್ತಿದ್ದರು.

"ಇಂಗಲ್ಲ ಕಣಮ್ಮಾ. ಎಲ್ಡು ಬೆಳ್ಳಾಗೆ ಇಡ್ಕಂಡು ಇಂಗೆ ಇತಕ್ಬೇಕು."

"ಸಿಪ್ಪಿ ತೆಗೆದು ತಿನ್ನಾಕೆ ಇದೇನು ಮಾವಿನಹಣ್ಣೇನು? ನಮ್ಮ ಕಡೆ ಹಂಗೇ ಕುದಿಸಿ ತಿಂತೀವಿ" ಎನ್ನುತ್ತಲೇ ಅತ್ತೆ ಜೋರಾಗಿ ಹಿಸುಕಿದರು. ಕಾಳು ಚಿಮ್ಮಿ ನನ್ನ ಗಂಡನ ಕನ್ನಡಕಕ್ಕೆ ಬಡಿಯಿತು. ಇಬ್ಬರು ಹೆಂಗಸರೂ ಬಿದ್ದು ಬಿದ್ದು ನಕ್ಕರು. ಮಾವ ತೀರಿಕೊಂಡ ಮೇಲೆ ಅತ್ತೆ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅವರ ಮಗನೂ ನೋಡಿರಲಿಲ್ಲ. ಅವರು ಕನ್ನಡಕ ಒರೆಸಿಕೊಂಡು ಅವ್ವನ ಪಕ್ಕದಲ್ಲೇ ಕೂತರು.

"ನಿನ್ನ ಆಫೀಸು ಇಲ್ಲಿಂದ ಭಾಳ ದೂರೇನೋ?" ಅತ್ತೆ ಕೇಳಿದರು.

"ದೂರಾನೇ ಅವ್ವಾ. ಆದ್ರೆ ಆಫೀಸಿನ ಗಾಡಿ ಬರ್ತತಿ."

"ಅದ್ರಾಗೆ ಕುಂದ್ರಾಕೆ ಸೀಟು ಸಿಗ್ತತಿ?"

"ಸಿಗ್ತತಿ."

"ಮತ್ತೆ? ಕುಂತು ಹೋಗಾಕೆ ಏನು ಕಷ್ಟ?"

ಹಾಗೆ ನಾವು ಚಂದಾಪುರದವರಾದೆವು. ನನ್ನ ಗಂಡ ಗಾಡಿಯಲ್ಲಿ ನಿದ್ದೆ ಮಾಡುವುದನ್ನು ಕಲಿತರು. ದಾವಣಗೆರೆಯಲ್ಲಿ ಹಾಸಿಗೆಯಲ್ಲೂ ಬಾರದಿದ್ದ ನಿದ್ದೆ, ಗಾಡಿಗಳು ಗಂಟೆಗಟ್ಟಲೆ ನಿಲ್ಲುವ ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಬರುತ್ತದಂತೆ. ನಾನು ಮಾತ್ರ ಎರಡನೇ ಕಾಫಿ ಕುಡಿದು ನಿಧಾನವಾಗಿ ಹೊರಡುವ ಮಹಾರಾಣಿ.

ಆ ರಾಜ್ಯಭಾರ ಬಹಳ ಕಾಲ ನಡೆಯಲಿಲ್ಲ. ಎರಡನೇ ವರ್ಷ ನಮ್ಮ ಲ್ಯಾಬನ್ನು ಪೀಣ್ಯಕ್ಕೆ ಸಾಗಿಸಿದರು, ಊರಿನ ಇನ್ನೊಂದು ತುದಿಗೆ! ನನ್ನ ಗಂಡ ಮುಖದಲ್ಲಿ ದುಃಖ ತಂದುಕೊಳ್ಳಲು ಪಟ್ಟ ಪಾಡು ನೋಡಲಾಗಲಿಲ್ಲ. ಮನೆ ಬದಲಿಸೋಣವೇ ಎಂದು ಅಳುಕುತ್ತಲೇ ಅತ್ತೆಯ ಹತ್ತಿರ ಮಾತೆತ್ತಿದೆ.

"ನೀವು ಎಲ್ಲಿ ಬೇಕೋ ಅಲ್ಲಿ ಮನಿ ಮಾಡ್ರವ್ವಾ. ಹಬ್ಬಕ್ಕೆ ಇಲ್ಲಿಗೆ ಬರ್ರಿ, ನಾವಿಬ್ಬರೂ ಹೋಳಿಗಿ ಮಾಡಿರ್ತೀವಿ" ಎಂದರು. "ನಾವಿಬ್ಬರು" ಎಂದರೆ ಅವರು ಮತ್ತು ಓನರ್ ಅಮ್ಮ.

ನಾವು ಮನೆ ಬದಲಿಸಲಿಲ್ಲ. ಈಗ ಬೊಮ್ಮಸಂದ್ರದಿಂದ ಮೆಟ್ರೊ ಬಂದಿದೆ. ನಡುವೆ ಒಮ್ಮೆ ರೈಲು ಬದಲಿಸಿ ಪೀಣ್ಯ ಮುಟ್ಟುತ್ತೇನೆ. ಸಂಜೆ ಸುಸ್ತಾಗಿ ಗೇಟು ತೆರೆದರೆ ಇಬ್ಬರು ಅಮ್ಮಂದಿರೂ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿರುತ್ತಾರೆ. ಯಾಕಿಷ್ಟು ಹೊತ್ತು ಎಂದು ಒಬ್ಬರು ಕೇಳುತ್ತಾರೆ. ಇನ್ನೊಬ್ಬರು ಸರಿದು ಜಾಗ ಮಾಡುತ್ತಾರೆ.