ಮೂಲೆಯ ದಾಸವಾಳ

ಸಂಜೆ ಆರೂ ಇಪ್ಪತ್ತಕ್ಕೆ ಚಿಕ್ಕಮ್ಮ ಮನೆಯ ಹೊರಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ತಾನೇ ಹಾಕಿಸಿದ ಹಾದಿಯ ಇಟ್ಟಿಗೆಗಳನ್ನು ಕೀಳುತ್ತಿದ್ದಳು. ಕಾಲಿನ ಶಕ್ತಿ ಕಳೆದುಕೊಂಡ ಚಿಕ್ಕಪ್ಪ ಗಾಲಿಕುರ್ಚಿಯಲ್ಲೇ ಮನೆ ಸುತ್ತಿ ತನ್ನ ಗಿಡಗಳನ್ನು ನೋಡಲೆಂದು, ಎರಡು ತಿಂಗಳಿಂದ ಕೈತೋಟವನ್ನೆಲ್ಲ ಅಗೆಸಿ ಹಾದಿ ಮಾಡಿಸಿದ್ದಳು. ಬೆಳಿಗ್ಗೆ ಮೊದಲ ಸವಾರಿ ನಡೆಯಿತು. ನೇರ ಹಾದಿಯಲ್ಲಿ ಸಲೀಸಾಗಿ ಹೋದ ಕುರ್ಚಿ ಮೂಲೆಗೆ ಬಂದು ಸಿಕ್ಕಿಕೊಂಡಿತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಚಿಕ್ಕಪ್ಪ ನೆಟ್ಟ ದಾಸವಾಳ. ತಿರುಗಲು ಜಾಗವೇ ಇರಲಿಲ್ಲ.

“ಮನೇನೇ ಸ್ವಲ್ಪ ಆ ಕಡೆ ಸರಿಸ್ಬಿಡೇ,” ಎಂದು ಚಿಕ್ಕಪ್ಪ ಕಿಟಕಿಯಿಂದ ಕೂಗಿದ.

“ಸುಮ್ನಿರಿ. ಇಲ್ಲಿ ನನ್ನ ಸೊಂಟ ಬಿದ್ದುಹೋಗಿದೆ.”

“ಹಾಗಾದ್ರೆ ದಾಸವಾಳ ಕಿತ್ತು ಈ ಕಿಟಕಿ ಹತ್ರ ನೆಡು. ಅದಕ್ಕೂ ವಯಸ್ಸಾಯ್ತು, ಬದುಕಿದ್ರೆ ಬದುಕ್ಲಿ.”

ಚಿಕ್ಕಮ್ಮ ಗುದ್ದಲಿ ಊರಿ ಎದ್ದು ನಿಂತಳು. ಅವಳು ಅಳೆದದ್ದು ಕುರ್ಚಿಯ ಅಗಲವನ್ನು, ಅದು ತಿರುಗಲು ಬೇಕಾದ ಜಾಗವನ್ನಲ್ಲ. ಗಿಡ ಅಡ್ಡ ಬಂದರೆ ತೆಗೆಸು ಎಂದು ಅವನು ಮೊದಲ ದಿನವೇ ಹೇಳಿದ್ದ. ಅವನ ದಾಸವಾಳಕ್ಕೆ ಯಾರೂ ಕೈಹಚ್ಚಬಾರದೆಂಬ ಹಟಕ್ಕೆ ಅವಳೇ ಟೇಪು ಹಿಡಿದು ಕೆಲಸದವರಿಗೆ ಗಟ್ಟಿಯಾಗಿ ಹೇಳಿದ್ದಳು: “ಎಲ್ಲಾ ಕಡೆ ಎರಡೂವರೆ ಅಡಿ ಸಾಕು.”