ಮೈಕಿನಲ್ಲಿ ತೀರಿಸಲು ಹೋದ ಋಣ

ಎರಡು ವರ್ಷದ ಹಿಂದಿನ ಶ್ರಾವಣ ಮಾಸ. ಹಂಪಾಪುರದ ಹತ್ತಿರ ನಮ್ಮೂರಿನಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶವಿತ್ತು. ಆ ಮನೆಗೆ ಪೂರ್ತಿ ವೈರಿಂಗ್ ಮಾಡಿದವನು ನನ್ನ ಗೆಳೆಯ ಮಾದೇಶ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಾನು ಕಾಲೇಜು ಸೇರಿ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದು ತಂದೆ. ಅವನು ಐಟಿಐ ಮುಗಿಸಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಒಳ್ಳೆಯ ಎಲೆಕ್ಟ್ರಿಷಿಯನ್ ಎಂದು ಹೆಸರು ತಗೊಂಡ.

ನಮ್ಮ ಮನೆಯಲ್ಲಿ ಅವನು ಹೆಚ್ಚುಕಡಿಮೆ ಒಂದು ತಿಂಗಳು ದುಡಿದ. ದುಡ್ಡಿನ ಮಾತೆತ್ತಿದರೆ ಸಾಕು, "ಮುಚ್ಕೊಂಡ್ ಹೋಗ್ಲಾ" ಅನ್ನುತ್ತಿದ್ದ. ಕವರಿನಲ್ಲಿ ಹಾಕಿ ಕೊಟ್ಟೆ. ಅದನ್ನು ನನ್ನ ಜೇಬಿಗೇ ವಾಪಸು ತುರುಕಿದ. ಸುಮ್ಮನೆ ಸಿಕ್ಕಿದ ಯಾವುದನ್ನೂ ನಾನು ನಂಬುವವನಲ್ಲ. "ನೋಡು, ಇದಕ್ಕೆ ಎರಡೇ ಅರ್ಥ. ಒಂದೋ ನಿನ್ನ ಕೆಲಸಕ್ಕೆ ಬೆಲೆ ಇಲ್ಲ, ಇಲ್ಲಾ ನನಗೆ ಕೊಡೋ ಯೋಗ್ಯತೆ ಇಲ್ಲ" ಎಂದು ವಾದಕ್ಕೆ ನಿಂತೆ. ಅವನು ಏಣಿ ಮೇಲಿಂದಲೇ, "ಮೂರ್ನೇದೂ ಒಂದೈತೆ, ಮೊದ್ಲು ಆ ಟೆಸ್ಟರ್ ಕೊಡು" ಅಂದ.

ಗೃಹಪ್ರವೇಶದ ದಿನ ಗಾರೆಯವರನ್ನೂ ಬಡಗಿಯನ್ನೂ ಸಾಲಾಗಿ ಕೂರಿಸಿ ಪಂಚೆ, ಶರ್ಟು, ತಾಂಬೂಲ ಕೊಡುವುದು ನಮ್ಮ ಕಡೆ ವಾಡಿಕೆ. ಮಾದೇಶನನ್ನು ಎಲ್ಲಿ ಕೂರಿಸುವುದು? ಅಮ್ಮ ಮೆಲ್ಲಗೆ, "ಅವುನ್ನ ಆ ಸಾಲಲ್ಲಿ ಕೂರುಸ್ಬ್ಯಾಡ ಕಣಪ್ಪ, ನೊಂದ್ಕತಾನೆ" ಅಂದರು. ಕೂರಿಸದೆ ಬಿಟ್ಟರೆ ಮರೆತಂತಾಗುತ್ತದೆ ಎಂಬುದು ನನ್ನ ಚಿಂತೆ. ಊಟದ ಎರಡನೇ ಪಂಕ್ತಿ ನಡೆಯುತ್ತಿತ್ತು. ಹಾಡು ಹಾಕುವವನ ಕೈಯಿಂದ ಮೈಕು ಇಸಕೊಂಡೆ.

"ಈ ಮನೆಯ ಒಂದೊಂದು ದೀಪವೂ ಸ್ನೇಹದಿಂದ ಉರಿಯುತ್ತಿದೆ. ನನ್ನ ಗೆಳೆಯ ಮಾದೇಶ ಒಂದು ಪೈಸೆ ಮುಟ್ಟದೆ ಇದನ್ನು ಮಾಡಿಕೊಟ್ಟಿದ್ದಾನೆ!" ಜನ ಚಪ್ಪಾಳೆ ತಟ್ಟಿದರು. ನನಗೆ ಹಗುರವಾಯಿತು.

ಅದೇ ಪಂಕ್ತಿಯಲ್ಲಿ ಮಾದೇಶನ ಮಾವ ಕಾಳೇಗೌಡರು ಊಟಕ್ಕೆ ಕೂತಿದ್ದರು. ಪಕ್ಕದವರು ಯಾರೋ ನಗುತ್ತಾ, "ಏನ್ ಗೌಡ್ರೇ, ನಿಮ್ಮಳಿಯ ಭಾಳ ಧಾರಾಳ! ಅಂಗಾರೆ ನಿಮ್ಮನೇದೂ ಫ್ರೀನೇ ಅನ್ನಿ" ಅಂದರು. ಗೌಡರು ಪಾಯಸ ಬರುವ ಮೊದಲೇ ಎಲೆ ಮಡಚಿ ಎದ್ದರು. ಹಿಂದಿನ ವರ್ಷ ಅವರ ಮನೆಗೆ ವೈರಿಂಗ್ ಮಾಡಿದ್ದು ಇದೇ ಅಳಿಯ, ಪೂರ್ತಿ ದುಡ್ಡು ತಗೊಂಡೇ ಮಾಡಿದ್ದ. ನನಗೆ ಅದು ಗೊತ್ತಿರಲಿಲ್ಲ.

ಆಮೇಲೆ ಮಾದೇಶ ನನ್ನ ಫೋನು ಎತ್ತಲಿಲ್ಲ. ಹತ್ತು ದಿನ ಕಾದು ಮನೆಗೇ ಹೋದೆ. ಬಾಗಿಲಲ್ಲಿ ಅವನ ಹೆಂಡತಿ ಸವಿತಾ, "ಬನ್ನಿ ಅಣ್ಣ. ಇವತ್ತೂ ಭಾಷಣ ಐತಾ?" ಅಂದಳು. ಹೇಳುತ್ತಲೇ ಅವಳ ಕಣ್ಣು ತುಂಬಿತು. "ಗೌರಿ ಹಬ್ಬ ಬಂದೇಬುಡ್ತು. ಅಪ್ಪ ಇನ್ನೂ ಕರಿಯಕ್ಕೆ ಬಂದಿಲ್ಲ. ಮದ್ವೆ ಆದ್ಮೇಲೆ ಒಂದ್ ವರ್ಷಾನೂ ತಪ್ಪಿಸ್ದೋರಲ್ಲ."

ನಾನು ಒಳಗಿದ್ದ ಮಾದೇಶನ ಹತ್ತಿರ ಸಮರ್ಥನೆ ಶುರು ಮಾಡಿದೆ. "ನಾನು ಹೊಗಳಿದ್ದು ಕಣೋ. ಸುಳ್ಳೇನೂ ಹೇಳಲಿಲ್ಲವಲ್ಲ?"

"ನಿಜಾನೇ ಏಳ್ದೆ. ನಿನ್ ಭಾರ ಇಳುಸ್ಕಳಕ್ಕೆ ನನ್ ಮಾನ ತಗಂಡೋಗಿ ಊರ್ ಮುಂದೆ ಇಟ್ಬುಟ್ಟೆ."

"ಹಾಗಾದರೆ ಮಾವನ ಹತ್ತಿರ ಯಾಕೆ ತಗೊಂಡೆ? ನನ್ನ ಹತ್ತಿರ ಯಾಕಿಲ್ಲ? ಯಾವುದಾದರೂ ಒಂದು ನಿಯಮ ಬೇಡವಾ?"

"ಒಂದೇ ನಿಯಮ ಕಣ್ಲಾ ಅದು" ಅಂದ. "ಮಾವನತ್ರ ದುಡ್ಡಿಸ್ಕಳ್ದೆ ಮಾಡಿದ್ರೆ ನಾನು ಆ ಮನೆ ಆಳಾಗ್ತಿದ್ದೆ. ಇವತ್ತು ಮೋಟ್ರು ನೋಡು, ನಾಳೆ ಫ್ಯಾನ್ ನೋಡು. ನಿನ್ನತ್ರ ಇಸ್ಕಂಡಿದ್ರೆ ನಿನ್ ಮನೆ ಆಳಾಗ್ತಿದ್ದೆ."

"ಈಗ ನಾನೇನು ಮಾಡಲಿ?" ಎಂದಷ್ಟೇ ಕೇಳಿದೆ.

"ಮಾತಾಡ್ಬ್ಯಾಡ. ನಾಳೆ ಬೆಳಿಗ್ಗೆ ಹಳೇ ಬಟ್ಟೆ ಆಕ್ಕೊಂಡು ಬಾ."

ಮರುದಿನ ಮಾದೇಶ ನನ್ನನ್ನು ಮಾವನ ಮನೆಗೇ ಕರಕೊಂಡು ಹೋದ. ಗೌಡರ ಮಹಡಿಯಲ್ಲಿ ಹೊಸ ರೂಮು ಎದ್ದಿತ್ತು. ಗೋಡೆ ಕೊರೆದು ವೈರಿನ ಪೈಪು ಕೂರಿಸುವುದು ಬಾಕಿ ಇತ್ತು. ನನ್ನನ್ನು ಕಂಡವರೇ ಗೌಡರು, "ಇವ್ನ್ಯಾಕ್ ಬಂದವ್ನೆ? ಮೈಕ್ ಎಲ್ಲಿ?" ಅಂದರು.

"ಗೋಡೆ ಕೊರಿಯಕ್ಕೆ ಮಾವ" ಅಂದ ಮಾದೇಶ. "ನನ್ ಕೆಲ್ಸದ್ ದುಡ್ಡು ನೀವು ಯಾವತ್ತಿನಂಗೆ ಕೊಡಿ. ಇವನ್ದು ಬ್ಯಾಡ, ಇವನ್ ತಪ್ಪಿಗೆ ಇವ್ನು ಬಂದವ್ನೆ." ಗೌಡರು ಕುರ್ಚಿ ಎಳಕೊಂಡು ಕೂತರು.

ಮೂರು ದಿನ ಉಳಿ, ಸುತ್ತಿಗೆ ಹಿಡಿದೆ. ಮೊದಲ ದಿನವೇ ಅಂಗೈಯಲ್ಲಿ ಬೊಬ್ಬೆ ಎದ್ದವು. ಮಾದೇಶ ಗೆರೆ ಎಳೆದುಕೊಟ್ಟರೂ ನನ್ನ ಉಳಿ ಪಕ್ಕಕ್ಕೆ ಜಾರುತ್ತಿತ್ತು. "ಏನಪ್ಪ ಭಾಷಣ್ಕಾರ, ಗೆರೆ ಇಲ್ಲೈತೆ, ನೀನು ಕೇರಳದ ಕಡೀಕೆ ಕೊರೀತಾ ಇದೀಯಲ್ಲ" ಎಂದು ಗೌಡರು ಕುಟುಕುತ್ತಿದ್ದರು. ಅದೇ ಗೋಡೆಯಲ್ಲಿ ಮಾದೇಶ ಒಂದು ಸ್ವಿಚ್ ಬಾಕ್ಸು ಕೂರಿಸಿದರೆ ಮೇಣದಲ್ಲಿ ಕತ್ತರಿಸಿದ ಹಾಗೆ ಕೂರುತ್ತಿತ್ತು. ನಮ್ಮ ಮನೆಯಲ್ಲಿ ಅವನು ಮಾಡಿದ ಕೆಲಸ ಎಂಥದ್ದು ಅಂತ ನನಗೆ ಅರ್ಥವಾದದ್ದು ಅಲ್ಲಿ, ಗೌಡರ ಮನೆಯ ಧೂಳಿನಲ್ಲಿ. ಮೈಕು ಹಿಡಿದಾಗ ಅದು ಗೊತ್ತೇ ಇರಲಿಲ್ಲ. ದುಡ್ಡು ತಗೊಳ್ಳಲಿಲ್ಲ ಎಂಬುದೊಂದೇ ಗೊತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಕೈತೊಳೆಯುವಾಗ ಗೌಡರು, "ನಿಂಗೇನ್ ಕೊಡ್ಬೇಕಪ್ಪ?" ಎಂದು ಕೇಳಿದರು. ‘ಏನೂ ಬೇಡ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆ ‘ಏನೂ ಬೇಡ’ದಿಂದ ನಾನೇ ಎಷ್ಟು ದಿನ ಒದ್ದಾಡಿದ್ದೆ ಅನ್ನುವುದು ನೆನಪಾಗಿ, "ಮಗಳನ್ನ ಹಬ್ಬಕ್ಕೆ ಕರೀರಿ, ಸಾಕು" ಅಂದೆ.

ಗೌಡರ ಮುಖ ಬಿಗಿಯಿತು. "ನನ್ ಮಗಳನ್ನ ನಾನು ಕರಿಯಕ್ಕೆ ನಿಂಗೆ ಕೂಲಿ ಕೊಟ್ಟಂಗಾ?"

ಮತ್ತೆ ಕೆಡಿಸಿದೆ ಅಂದುಕೊಂಡೆ. ಮಾದೇಶ ನನ್ನ ಕಡೆ ನೋಡದೆ ವೈರು ಸುತ್ತುತ್ತಿದ್ದ. ಗೌಡರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರೇ ಒಂದು ಲೋಟ ಕಾಫಿ ತಂದು ನನ್ನ ಕೈಗಿಟ್ಟರು. ಬೊಬ್ಬೆ ನೋಡಿ, "ಕೊಬ್ಬರಿ ಎಣ್ಣೆ ಅಚ್ಚು" ಅಂದರು.

ಹಬ್ಬಕ್ಕೆ ಎರಡು ದಿನ ಇದ್ದಾಗ ಸವಿತಾ ಫೋನು ಮಾಡಿದಳು. "ಅಣ್ಣಾ, ಅಪ್ಪ ಬಂದವ್ರೆ, ಕರಿಯಕ್ಕೆ! ನಿಮ್ಮನ್ನೂ ಊಟಕ್ಕೆ ಬರಕ್ಕೇಳವ್ರೆ. ಮಾತಾಡಂಗಿಲ್ವಂತೆ." ಗೌಡರು ಬಂದದ್ದು ನನ್ನ ಮೂರು ದಿನದ ದುಡಿಮೆಗೋ, ಮಗಳ ಮೇಲಿನ ಮಮತೆಗೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಮತೆಗೇ ಇರಬೇಕು.

ಮಾದೇಶನ ಋಣ ಮಾತ್ರ ಹಾಗೇ ಇದೆ. ಆಳು ಸಿಗದ ದಿನ ಫೋನು ಮಾಡುತ್ತಾನೆ, ಹೋಗಿ ಏಣಿ ಹಿಡಿಯುತ್ತೇನೆ, ಲೆಕ್ಕ ಇಡುವುದಿಲ್ಲ. ಆದರೆ ಅವನ ವಾದದಲ್ಲಿ ಒಂದು ಸಡಿಲು ಇದೆ ಎಂದು ಆಮೇಲೆ ನನಗೆ ಹೊಳೆಯಿತು. ದುಡ್ಡು ತಗೊಂಡರೆ ಅವನು ನನ್ನ ಆಳಾಗುತ್ತಿದ್ದ, ಸರಿ. ತಗೊಳ್ಳದೆ ಹೋದದ್ದರಿಂದ ನಾನು ಅವನ ಹಂಗಿನವನಾದೆನಲ್ಲ, ಅದಕ್ಕೇನು ಉತ್ತರ? ಕೇಳಿದರೆ ಅವನು ತಡವರಿಸುತ್ತಾನೆ, ನಾನು ಗೆಲ್ಲುತ್ತೇನೆ. ಎರಡು ವರ್ಷವಾಯಿತು, ಇನ್ನೂ ಕೇಳಿಲ್ಲ.